ಲಗ್ನಪತ್ರಿಕೆಯ ಮೇಲಿನ ಸಾಲು

ಫೆಬ್ರವರಿ 3, ಸೋಮವಾರ

ಮತ್ತೆ ಅದೇ ರಾಮಾಯಣ. ಹೈಸ್ಕೂಲಿನವರು ವಾರ್ಷಿಕೋತ್ಸವದ ವರದಿ ಕಳಿಸಿದ್ದಾರೆ, ವಾಟ್ಸಾಪಿನಲ್ಲಿ, ಯೂನಿಕೋಡಿನಲ್ಲಿ. ನನ್ನ ಡಿಟಿಪಿ ಅಂಗಡಿಯ ಹಳೇ ಪೇಜ್‌ಮೇಕರಿಗೆ ಅದು ಹಿಡಿಸುವುದಿಲ್ಲ. ಪೇಸ್ಟ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಕನ್ವರ್ಟರಿಗೆ ಹಾಕಿದರೆ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೊನೆಗೆ ಅಷ್ಟನ್ನೂ ಕೈಯಾರೆ ಕುಟ್ಟಿದೆ. ಮೇಷ್ಟ್ರು ಬಂದು, ನಾವು ಟೈಪ್ ಮಾಡೇ ಕಳಿಸಿದ್ದೆವಲ್ಲ ಮೇಡಂ, ಕಾಪಿ ಪೇಸ್ಟ್ ಅಷ್ಟೇ ತಾನೇ ಎಂದರು. ಹೌದು ಸಾರ್, ಅಷ್ಟೇ. ನನ್ನ ಬೆನ್ನು ಹೇಳುತ್ತದೆ ಎಷ್ಟು ಅಂತ.

ಮಧ್ಯಾಹ್ನ ಚಾಮರಾಜನಗರದಿಂದ ಪ್ರೆಸ್ಸಿನ ಕುಮಾರಸ್ವಾಮಿ ಫೋನ್. ನಿನ್ನೆ ಕಳಿಸಿದ ನಾಮಕರಣದ ಕಾರ್ಡಿನ ಅಕ್ಷರ ಅವನ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿದೆಯಂತೆ. ತಪ್ಪು ನನ್ನದೇ. ಕೋರಲ್ ಫೈಲನ್ನು ಕರ್ವ್ಸ್ ಮಾಡಿರಲಿಲ್ಲ. ನಾನು ಬಳಸುವ ಫಾಂಟ್ ಅವನ ಹತ್ತಿರ ಇಲ್ಲ. ಕರ್ವ್ಸ್ ಮಾಡಿದರೆ ಅಕ್ಷರವೆಲ್ಲ ಚಿತ್ರವಾಗಿ ಹೆಪ್ಪುಗಟ್ಟುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಇರುತ್ತದೆ. ಆಮೇಲೆ ತಿದ್ದುವಂತಿಲ್ಲ, ಅದೊಂದು ಕಷ್ಟ. ಮಾಡಿ ಮತ್ತೆ ಕಳಿಸಿದೆ. ಇಷ್ಟು ವರ್ಷ ಆದರೂ ಮರೆಯುತ್ತೇನಲ್ಲ.

ಸಂಜೆ ಬೇಗೂರಿನಿಂದ ಭಾವನ, ಅಂದರೆ ನನ್ನ ಗಂಡನ ಅಣ್ಣನ ಫೋನ್. ಗಂಗಾಳ ಮದುವೆ ಮಾರ್ಚಿ ಒಂಬತ್ತಕ್ಕೆ ಗಟ್ಟಿಯಾಯಿತು. ಹುಡುಗ ಚಂದಕವಾಡಿಯ ಮಹದೇವಸ್ವಾಮಿಯೇ. ಲಗ್ನಪತ್ರಿಕೆಯ ಮ್ಯಾಟರ್ ಬರೆದು ಕಳಿಸುತ್ತಾರಂತೆ. ಅಂಗಡಿ ನಿನ್ನದೇ ಇರುವಾಗ ಬೇರೆ ಕಡೆ ಯಾಕೆ ಎಂದರು. ಖುಷಿಯಾಯಿತು. ಈ ಗುಂಡ್ಲುಪೇಟೆಯಲ್ಲಿ ಊರಿಗೆಲ್ಲ ಕಾರ್ಡ್ ಮಾಡಿಕೊಟ್ಟೆ, ಈಗ ನನ್ನ ಮಗಳದು.

ಫೆಬ್ರವರಿ 5, ಬುಧವಾರ

ಮ್ಯಾಟರ್ ಬಂತು. ಭಾವ ಸ್ವಂತ ಕೈಯಲ್ಲಿ ಬರೆದು ಫೋಟೋ ತೆಗೆಸಿದ್ದಾರೆ. ಮೇಲೆ ಬಸವಣ್ಣನ ಚಿತ್ರ ಒಂದು ಕಡೆ, ಮಾದಪ್ಪನದು ಇನ್ನೊಂದು ಕಡೆ, ಎರಡೂ ಬಂಗಾರದ ಬಣ್ಣದಲ್ಲಿ. ಅದರ ಕೆಳಗೆ — ಶ್ರೀಮತಿ ಶಾಂತಮಲ್ಲಮ್ಮ ಮತ್ತು ಶ್ರೀ ಶಿವಮಲ್ಲಪ್ಪ, ಬೇಗೂರು, ಇವರು ಮಾಡುವ ವಿಜ್ಞಾಪನೆಗಳು. ಅಂದರೆ ಭಾವ ಮತ್ತು ನನ್ನ ವಾರಗಿತ್ತಿ ಅಕ್ಕ. ಆಮೇಲೆ, ನಮ್ಮ ಸಹೋದರ ಲಿಂ. ಸೋಮೇಶ್‌ರವರ ಪುತ್ರಿ ಚಿ. ಸೌ. ಗಂಗಾಂಬಿಕೆಯ ವಿವಾಹವನ್ನು…

ಎರಡು ಸಲ ಓದಿದೆ. ಜೂಮ್ ಮಾಡಿ ಓದಿದೆ. ನನ್ನ ಹೆಸರು ಎಲ್ಲಿ?

ಸಿಕ್ಕಿತು. ಕೆಳಗೆ, ಸುಖಾಗಮನ ಬಯಸುವವರ ಗುಂಪಿನಲ್ಲಿ, ಭಾವನ ಸೊಸೆಯರೆಲ್ಲ ಆದ ಮೇಲೆ. ಶ್ರೀಮತಿ ಶಶಿರೇಖಾ, ಗುಂಡ್ಲುಪೇಟೆ. ಯಾರೋ ದೂರದ ನೆಂಟರ ಹಾಗೆ. ಲಿಂಗೈಕ್ಯನಾದ ಅಪ್ಪನ ಹೆಸರಿದೆ, ಇರುವ ಅಮ್ಮನದಿಲ್ಲ. ಓದಿದವರು ಹುಡುಗಿಗೆ ತಾಯಿಯೂ ಇಲ್ಲ ಪಾಪ ಎಂದುಕೊಳ್ಳಬೇಕು.

ಗೊತ್ತು, ನಮ್ಮ ಕಡೆ ಹೀಗೇ. ಗಂಡ ಇಲ್ಲದವಳು ಮಂಗಳ ಕಾರ್ಯಕ್ಕೆ ಕರೆಯಬಾರದು. ಧಾರೆಗೆ ಕೂರುವವರು ಭಾವ ಮತ್ತು ಅಕ್ಕ. ಮನೆ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವವಳು ಅಕ್ಕ. ಅದಕ್ಕೆಲ್ಲ ನಾನು ಯಾವತ್ತೋ ತಲೆ ಆಡಿಸಿ ಆಗಿದೆ. ಆದರೆ ಕಾರ್ಡು? ಈ ಮದುವೆಯಲ್ಲಿ ನನ್ನ ಕೈಯಿಂದ ಹೊರಗೆ ಹೋಗುವುದು ಅದೊಂದೇ. ಅದರಲ್ಲಿ ಗಂಗಾಳ ತಾಯಿ ನಾನು ಎಂದು ಮೇಲೆ ಇರಬೇಕು. ಬೇರೇನೂ ಬೇಡ ನನಗೆ.

ಮೇಲೆ ಬಸವಣ್ಣನನ್ನು ಕೂರಿಸಿ ಕೆಳಗೆ ಈ ಕೆಲಸ. ಸಿಟ್ಟಿಗೆ ಮಧ್ಯಾಹ್ನ ಊಟ ಸೇರಲಿಲ್ಲ.

ಫೆಬ್ರವರಿ 6, ಗುರುವಾರ

ನನಗೆ ಸರಿ ಕಂಡ ಹಾಗೆ ಮಾಡಿದೆ. ಭಾವನ ಹೆಸರಿನ ಮೇಲೆ ಒಂದು ಸಾಲು ಸೇರಿಸಿದೆ — ಶ್ರೀಮತಿ ಶಶಿರೇಖಾ ಮತ್ತು ಲಿಂ. ಸೋಮೇಶ್, ಗುಂಡ್ಲುಪೇಟೆ. ಪ್ರೂಫ್ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ.

ಫೆಬ್ರವರಿ 8, ಶನಿವಾರ

ಉತ್ತರ ಬಂತು. ನಾನು ಕಳಿಸಿದ್ದನ್ನು ಬೇಗೂರಿನಲ್ಲಿ ಪ್ರಿಂಟ್ ತೆಗೆಸಿ, ಮೇಲಿನ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಅದರ ಫೋಟೋ ಕಳಿಸಿದ್ದಾರೆ. ಜೊತೆಗೆ ಕೆಳಗಿನ ಗುಂಪಿಗೆ ಹೊಸ ಹೆಸರುಗಳು. ಭಾವನ ಷಡ್ಡಕ. ಷಡ್ಡಕನ ಬೀಗರು. ಅರಿಸಿನ ಮಂಡಿಯವರು ಯಾರೋ. ಎಲ್ಲರೂ ಕಾಣಬೇಕು, ಯಾರೂ ಚಿಕ್ಕದಾಗಬಾರದು. ಕಾರ್ಡು ಇರುವುದೇ ಅಂಗೈಯಗಲ. ಹನ್ನೆರಡು ಪಾಯಿಂಟ್ ಇದ್ದ ಅಕ್ಷರ ಹನ್ನೊಂದಾಯಿತು, ಹತ್ತಾಯಿತು. ಸಾಲಿನ ಅಂತರ ಒತ್ತಿದೆ. ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಿತು. ಮತ್ತೆ ಬಿಡಿಸಿದೆ. ಷಡ್ಡಕನ ಹೆಸರು ಬೀಗರ ಹೆಸರಿಗಿಂತ ಒಂದು ಕೂದಲು ಸಣ್ಣದು ಕಂಡಿತಂತೆ, ಅದಕ್ಕೊಂದು ಫೋನು.

ನನ್ನ ಸಾಲು ಹೊಡೆದದ್ದರ ಬಗ್ಗೆ ಒಂದು ಮಾತಿಲ್ಲ. ಕೇಳಿದೆ. ಚಂದಕವಾಡಿಯವರು ಏನನ್ನುತ್ತಾರೋ ಎಂದರು. ಅವರು ಏನಂದರು ಎಂದೆ. ಇನ್ನೂ ಅಂದಿಲ್ಲ, ಅನ್ನಬಾರದು ಅಂತಲೇ ಎಂದರು.

ಫೆಬ್ರವರಿ 9, ಭಾನುವಾರ

ಗಂಗಾಳಿಗೆ ರಜೆ. ಲ್ಯಾಬಿನ ಕೆಲಸ ಅವಳದು, ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬಂದು ಸೋತಿರುತ್ತಾಳೆ. ತೋರಿಸಿದೆ. ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

"ಅಮ್ಮ, ಬಿಡು. ಕಾರ್ಡ್ ಯಾರು ಓದ್ತಾರೆ? ಡೇಟು, ಛತ್ರ ನೋಡಿ ಬಿಸಾಕ್ತಾರೆ."

ಅಡುಗೆಮನೆಗೆ ಎದ್ದು ಹೋದೆ. ಬಿಸಾಕುತ್ತಾರೆ, ನಿಜ. ಬಿಸಾಕುವ ಕಾರ್ಡಿನಿಂದಲೂ ನನ್ನನ್ನು ತೆಗೆಯುತ್ತಾರಲ್ಲ, ಅದು ನೋವು. ಅವಳ ಮೇಲೆ ಕೋಪ ಬಂತು, ಆಮೇಲೆ ಪಾಪ ಅನ್ನಿಸಿತು. ದೊಡ್ಡಪ್ಪನನ್ನು ಎದುರು ಹಾಕಿಕೊಂಡು ಮಂಟಪಕ್ಕೆ ಹೇಗೆ ಹೋಗುತ್ತಾಳೆ? ಸೋಮೇಶ್ ಹೋದ ಮೇಲೆ ಅವಳನ್ನು ಕಾಲೇಜಿಗೆ ಸೇರಿಸಿದವರು, ಹಾಸ್ಟೆಲ್ಲಿಗೆ ಮೂಟೆ ಹೊತ್ತವರು ಅವರೇ. ಅದನ್ನು ನಾನೂ ಮರೆತಿಲ್ಲ. ಅದಕ್ಕೇ ಗಟ್ಟಿಯಾಗಿ ಜಗಳ ಆಡಲೂ ಆಗುತ್ತಿಲ್ಲ.

ಫೆಬ್ರವರಿ 12, ಬುಧವಾರ

ಹೆಸರುಗಳ ಸಂತೆ ಮುಗಿಯಿತು. ಭಾವ ಎಲ್ಲಕ್ಕೂ ಓಕೆ ಅಂದರು. ಅಂದ ತಕ್ಷಣ ಇಡೀ ಫೈಲ್ ಸೆಲೆಕ್ಟ್ ಮಾಡಿ ಕರ್ವ್ಸ್ ಮಾಡಿಬಿಟ್ಟೆ. ಇನ್ನು ಷಡ್ಡಕನಲ್ಲ, ಷಡ್ಡಕನ ಅಪ್ಪ ಬಂದರೂ ಒಂದು ದೀರ್ಘ ತಿದ್ದಲು ಬರುವುದಿಲ್ಲ. ನೆಂಟರ ಬಾಯಿ ಮುಚ್ಚಿಸಲು ನಮ್ಮ ಕಸುಬಿನಲ್ಲಿ ಇರುವ ಉಪಾಯ ಅದೊಂದೇ.

ಮೇಲೆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ದೇವರ ಚಿತ್ರದ ಕೆಳಗೆ, ಭಾವನ ಹೆಸರಿನ ಮೇಲೆ. ಅದನ್ನು ಮುಚ್ಚಲು ಕೈ ಬರಲಿಲ್ಲ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ 3

ಭಾವ ಅಂಗಡಿಗೇ ಬಂದರು. ಜೆರಾಕ್ಸಿಗೆ ಕಾಯುತ್ತಿದ್ದವರು ಹೋಗುವ ತನಕ ಸುಮ್ಮನೆ ಕೂತಿದ್ದರು, ಟವಲಿನಿಂದ ಮುಖ ಒರೆಸಿಕೊಳ್ಳುತ್ತ. ಸ್ಕ್ರೀನ್ ತಿರುಗಿಸಿ ತೋರಿಸಿದೆ. ಚೆನ್ನಾಗಿದೆ ಎಂದರು. ಆಮೇಲೆ ಖಾಲಿ ಜಾಗದ ಮೇಲೆ ಬೆರಳಿಟ್ಟು, ಇದೇನು ಎಂದರು. ಅದು ನನ್ನದು ಎಂದೆ.

ಕೂಗಾಡುತ್ತಾರೆ ಎಂದುಕೊಂಡೆ. ಕೂಗಲಿಲ್ಲ.

"ನೋಡವ್ವ, ನಾಳೆ ಆ ಮನೇಲಿ ಏನಾರ ಎಚ್ಚುಕಮ್ಮಿ ಆಯ್ತದೆ ಅಂತ ಇಟ್ಕೊ. ಮಳೆ ಬಂದು ಚಪ್ಪರ ಬಿದ್ರೂ ನಿನ್ ಕಡೀಕೇ ಬೆಟ್ಟು ಮಾಡ್ತರೆ ಜನ. ಅವ್ಳ ಎಸ್ರಲ್ಲಿ ಕರುದ್ರು ಅದ್ಕೇ ಇಂಗಾಯ್ತು ಅಂತರೆ. ಆ ಮಾತು ನಿಂಗೆ ಬರ್ದೇ ಇರ್ಲಿ ಅಂತ ಕಣವ್ವ ನಾನು."

ಬೈದಿದ್ದರೆ ಬೈಯಬಹುದಿತ್ತು. ನನ್ನ ಒಳ್ಳೆಯದಕ್ಕೇ ನನ್ನನ್ನು ಅಳಿಸುತ್ತಿದ್ದಾರೆ. ಆದರೂ ಹೇಳಿದೆ. ಆ ಮಾತು ಬಂದರೆ ನಾನು ಕೇಳಿಸಿಕೊಳ್ಳುತ್ತೇನೆ ಭಾವ, ಹೆತ್ತವಳು ನಾನು, ಈ ಸಾಲು ಇಲ್ಲದೆ ಕಾರ್ಡು ಈ ಅಂಗಡಿಯಿಂದ ಹೋಗುವುದಿಲ್ಲ, ಬೇಕಾದರೆ ಬೇರೆ ಕಡೆ ಮಾಡಿಸಿ ಎಂದೆ.

ಟವಲು ಕೊಡವಿ ಎದ್ದು ಹೋದರು. ಕಾಫಿ ಅಲ್ಲೇ ಆರಿತು.

ಫೆಬ್ರವರಿ 17, ಸೋಮವಾರ

ನಾಲ್ಕು ದಿನ ಯಾರದೂ ಫೋನಿಲ್ಲ. ಗಂಗಾ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಳು. ಪಹಣಿ, ಬಾಡಿಗೆ ಕರಾರು, ಕೇರಳದ ದಾರಿಯ ಮದ್ದೂರಿನ ಹೋಟೆಲಿನವರ ಮೆನು ಕಾರ್ಡು ಮಲಯಾಳದಲ್ಲೂ ಕನ್ನಡದಲ್ಲೂ. ಬಂದ ಕೆಲಸವೆಲ್ಲ ಹಲ್ಲು ಕಚ್ಚಿಕೊಂಡು ಮಾಡಿದೆ.

ಇವತ್ತು ಹನ್ನೊಂದು ಗಂಟೆಗೆ ಅಕ್ಕ ಫೋನ್ ಮಾಡಿದಳು. ಅಕ್ಕ ಜಾಸ್ತಿ ಮಾತಿನವಳಲ್ಲ.

"ನಿನ್ ಮಗಳ್ನ ಧಾರೆ ಎರ್ದು ಕೊಡಕ್ಕೆ ನಾನು ಒಪ್ಪಿವ್ನಿ. ಆದ್ರೆ ಹೆತ್ತೋಳ ಎಸ್ರಿಲ್ದೇ ಇರೋ ಕಾರ್ಡ್ ಇಟ್ಕೊಂಡು ಯಾರ್ ಮನೆ ಬಾಗ್ಲಿಗೂ ನಾನು ಓಗಕಿಲ್ಲ ಅಂದ್ಬುಟ್ಟೆ ಕಣವ್ವ ನಿಮ್ ಭಾವಂಗೆ. ಊಟ ಬುಟ್ಟು ಕುಂತಿದ್ರು. ಈಗ ಉಂಡ್ರು."

ಭಾವನ ಕೈಗೆ ಫೋನ್ ಕೊಟ್ಟಳು. ಹಾಕ್ಕೊ ಎಂದರು. ನನ್ನೆಸರಿಗಿಂತ ದೊಡ್ಡದು ಬೇಡ ಎಂದರು. ನಿಮ್ಮದು ಹದಿನಾರು ಪಾಯಿಂಟ್ ಇದೆ ಭಾವ, ನನ್ನದು ಹದಿನಾಲ್ಕು ಇಡುತ್ತೇನೆ ಎಂದೆ. ಅದೆಲ್ಲ ನನಗೆ ಗೊತ್ತಾಗಲ್ಲ, ಬೇಗ ಕಳಿಸು, ಮುಂದಿನ ಸೋಮವಾರ ಮಾದಪ್ಪನ ವಾರ, ಹಂಚಲು ಶುರು ಮಾಡಬೇಕು ಎಂದರು.

ಅಳು ಬಂತು. ಅಂಗಡಿಯಲ್ಲಿ ಜನ ಇದ್ದರು, ಒರೆಸಿಕೊಂಡೆ. ಫೈಲ್ ತೆಗೆದೆ. ಖಾಲಿ ಜಾಗದಲ್ಲಿ ಸಾಲು ಟೈಪ್ ಮಾಡಿದೆ, ನಡುವಿಗೆ ಸರಿಯಾಗಿ ಕೂರಿಸಿದೆ. ಕರ್ವ್ಸ್ ಆದದ್ದನ್ನು ತಿದ್ದಲು ಬರುವುದಿಲ್ಲ, ಅಳಿಸಲು ಬರುತ್ತದೆ. ಕೆಳಗಿನ ಗುಂಪಿನಲ್ಲಿದ್ದ ನನ್ನ ಹೆಸರನ್ನು ಕಿತ್ತು ಹಾಕಿದೆ, ಒಂದೇ ಕಾರ್ಡಿನಲ್ಲಿ ಎರಡೆರಡು ಕಡೆ ಯಾಕೆ. ಕುಮಾರಸ್ವಾಮಿಗೆ ಮೇಲ್ ಮಾಡಿದೆ. ಇವತ್ತೇ ಪ್ಲೇಟ್ ಹಾಕುತ್ತಾನಂತೆ. ಆಮೇಲೆ ಕೂತು ತವರಿನವರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನ್ ಮಾಡಿ ಹೇಳಿದೆ. ಸಂಜೆಯ ತನಕ ಅದೇ ಕೆಲಸ. ಬಹಳ ದಿನ ಆಗಿತ್ತು ಹೀಗೆ ನಗುತ್ತ ಮಾತಾಡಿ.

ಫೆಬ್ರವರಿ 20, ಗುರುವಾರ

ಸಂಜೆ ಗಂಗಾ ಕೆಲಸ ಮುಗಿಸಿ ಬರುವಾಗ ಪ್ರೆಸ್ಸಿನಿಂದ ಬಂಡಲು ತಂದಳು. ಹಗ್ಗ ಬಿಚ್ಚಿದೆ. ಹೊಸ ಶಾಯಿಯ ವಾಸನೆ. ಬಸವಣ್ಣ, ಮಾದಪ್ಪ, ಬಂಗಾರದ ಬಣ್ಣ ಝಗ್ ಅನ್ನುತ್ತಿತ್ತು.

ಮೇಲಿನ ಸಾಲು ಇಲ್ಲ.

ಇನ್ನೊಂದು ತೆಗೆದೆ. ಬಂಡಲಿನ ಮಧ್ಯದಿಂದ ತೆಗೆದೆ. ತಳದಿಂದ ತೆಗೆದೆ. ಎಲ್ಲದರಲ್ಲೂ ಖಾಲಿ ಜಾಗ. ಕೆಳಗಿನ ಗುಂಪಿನಲ್ಲೂ ನಾನಿಲ್ಲ, ಅಲ್ಲಿಂದ ನಾನೇ ತೆಗೆದಿದ್ದೆ. ಇಡೀ ಕಾರ್ಡಿನಲ್ಲಿ ಶಶಿರೇಖಾ ಅನ್ನುವವಳು ಎಲ್ಲೂ ಇಲ್ಲ.

ಕುಮಾರಸ್ವಾಮಿಗೆ ಫೋನ್ ಮಾಡಿದೆ. ಬಾಯಿಗೆ ಬಂದದ್ದು ಅಂದೆ. ಅವನು ಪಾಪ ಕೇಳಿಸಿಕೊಂಡ.

"ಅಕ್ಕ, ಮ್ಯಾಲೆ ಒಂದು ಸಾಲು ಬರೀ ಕಸ ಬಂದಿತ್ತು. ಮಿಕ್ಕಿದ್ದೆಲ್ಲ ಕರ್ವ್ಸ್ ಆಗಿತ್ತು, ಅದೊಂದೇ ಆಗಿರ್ಲಿಲ್ಲ. ಹಳೇ ಫೈಲ್ ಮ್ಯಾಲೆ ಹೊಸದು ಮಾಡ್ತೀವಲ್ಲ ನಾವೆಲ್ಲ, ಯಾರ್ದೋ ಹಳೇ ಮದುವೆದು ಉಳ್ಕೊಂಡದೆ ಅಂತ ತಗ್ದಾಕ್ದೆ. ಕೇಳನ ಅಂತ ಫೋನೂ ಮಾಡ್ದೆ. ನಿಮ್ದು ಬಿಜಿ, ಬಿಜಿ, ಬಿಜಿ."

ಫೋನ್ ಇಟ್ಟೆ. ಮಿಕ್ಕಿದ್ದನ್ನೆಲ್ಲ ಕರ್ವ್ಸ್ ಮಾಡಿದವಳು ನಾನು. ಷಡ್ಡಕನ ಬೀಗರ ಹೆಸರಿನ ಕೊಂಬು ಕೂಡ ಜೋಪಾನ ಮಾಡಿದೆ. ನನ್ನದನ್ನು ಕೊನೆಗೆ ಟೈಪ್ ಮಾಡಿ ಹಾಗೇ ಕಳಿಸಿದೆ, ಹಿಗ್ಗಿನಲ್ಲಿ. ಮೂರು ಸಲ ಅವನು ಫೋನ್ ಮಾಡುವಾಗ ನಾನು ಹೆಸರು ಬರುತ್ತಿದೆ ಅಂತ ಊರಿಗೆಲ್ಲ ಸಾರುತ್ತಿದ್ದೆ. ಹೊಸ ಹುಡುಗಿಯರು ಕಲಿಯಲು ಬಂದರೆ ಮೊದಲ ದಿನ ಹೇಳಿಕೊಡುವ ಪಾಠ ಇದು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮತ್ತೆ ಹೊಡೆಯಲು ಆಗುವುದಿಲ್ಲವಂತೆ. ಶಿವರಾತ್ರಿಯ ಕೆಲಸ ಮಷಿನ್ ಮೇಲಿದೆ, ಅದು ಮುಗಿದು ಹೊಸ ಪ್ಲೇಟ್ ಹಾಕುವಷ್ಟರಲ್ಲಿ ಮಾರ್ಚಿ ಬಂದಿರುತ್ತದೆ.

ಫೆಬ್ರವರಿ 21, ಶುಕ್ರವಾರ

ಭಾವನಿಗೆ ಹೇಳಲೇಬೇಕಿತ್ತು. ಬೈಯುತ್ತಾರೆ ಎಂದುಕೊಂಡು ಹೇಳಿದೆ. ಅವರು ಬಹಳ ಮೆತ್ತಗೆ ಅಂದರು,

"ಮಾದಪ್ಪನೇ ತಗ್ದವ್ನೆ ಬುಡವ್ವ. ನಾನಂತೂ ಹಾಕ್ಕೊ ಅಂದಿದ್ದೆ. ಅವನ್ಗೆ ಬ್ಯಾಡ ಅನ್ನುಸ್ತು."

ಸೋಮವಾರ ಹಂಚುವುದಕ್ಕೆ ಭಾನುವಾರ ಬಂದು ಬಂಡಲು ತೆಗೆದುಕೊಂಡು ಹೋಗುತ್ತಾರಂತೆ, ಅಕ್ಕನಿಗೆ ತಾವೇ ಹೇಳುತ್ತಾರಂತೆ. ಮಾತು ಮುಗಿಯಿತು.

ಮಾದಪ್ಪನಿಗೆ ಕೋರಲ್ ಬರುವುದಿಲ್ಲ. ತೆಗೆದವನು ಕುಮಾರಸ್ವಾಮಿ. ಕರ್ವ್ಸ್ ಮಾಡದೆ ಬಿಟ್ಟವಳು ನಾನು. ಇದರಲ್ಲಿ ದೇವರ ಕೈ ಎಲ್ಲಿಂದ ಬಂತು? ಇದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಒಂದು ಕ್ಷಣ ನನಗೂ ಭಯವಾಯಿತು. ಹೌದೇನೋ ಅನ್ನಿಸಿತು. ನಿಜ ಬರೆಯುತ್ತಿದ್ದೇನೆ, ಯಾರೂ ಓದುವುದಿಲ್ಲವಲ್ಲ.

ಫೆಬ್ರವರಿ 22, ಶನಿವಾರ

ಗಂಗಾಳೂ ಅದನ್ನೇ ಅಂದಳು, ಬೇರೆ ಮಾತಿನಲ್ಲಿ. ಇಷ್ಟೆಲ್ಲ ಅಡ್ಡಿ ಬರುತ್ತಿದೆ ಅಂದರೆ ಬೇಡ ಅಂತಲೇ ಇರಬಹುದಲ್ಲವಾ ಅಮ್ಮ ಎಂದಳು. ರಕ್ತ ಪರೀಕ್ಷೆ ಮಾಡುವ ಹುಡುಗಿ. ನಿನ್ನ ಲ್ಯಾಬಿನಲ್ಲಿ ರಿಪೋರ್ಟ್ ತಪ್ಪಾದರೆ ದೇವರು ತಪ್ಪಿಸಿದ ಅಂತ ಬರೆದುಕೊಡುತ್ತೀಯಾ ಎಂದು ಕೇಳಿದೆ. ಅವಳು ನಗಲಿಲ್ಲ. ನಾನೂ.

ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಜಾಗ ಹಾಗೇ ಇದೆ. ಒಂದು ಸಾಲು, ಆರಾಮಾಗಿ. ಬರೀ ನನ್ನ ಸಾಲನ್ನು ಟೈಪ್ ಮಾಡಿ, ಅಂಗಡಿಯ ಲೇಸರ್ ಪ್ರಿಂಟರಿಗೆ ಒಂದೊಂದೇ ಕಾರ್ಡ್ ಕೊಟ್ಟರೆ…

ಫೆಬ್ರವರಿ 23, ಭಾನುವಾರ, ಬೆಳಿಗ್ಗೆ 10

ಶಟರ್ ಅರ್ಧ ಇಳಿಸಿ ಕೂತಿದ್ದೇನೆ. ಹಾಳೆಯ ಮೇಲೆ ಅಳತೆ ತೆಗೆದೆ. ಮೊದಲ ಕಾರ್ಡಿನ ಬಂಗಾರದ ಬಣ್ಣ ಪ್ರಿಂಟರಿನ ಬಿಸಿಗೆ ಎದ್ದು ಮಾದಪ್ಪನ ಹುಲಿಯ ಮುಖ ಮಸಿಯಾಯಿತು. ಒಳ್ಳೆ ಶಕುನ ಎಂದು ನಾನೇ ಬೈದುಕೊಂಡೆ. ಎರಡನೆಯದು ಒಳಗೇ ಸಿಕ್ಕಿಕೊಂಡಿತು, ದಪ್ಪ ಕಾಗದ, ತಿರುವಿನಲ್ಲಿ ಬಗ್ಗುವುದಿಲ್ಲ. ಚಿಮುಟದಲ್ಲಿ ಚೂರು ಚೂರಾಗಿ ಕಿತ್ತೆ. ಪ್ರಿಂಟರಿನ ಬಿಸಿ ತಗ್ಗಿಸಿ, ಅದರ ಹಿಂದಿನ ಬಾಗಿಲು ತೆರೆದಿಟ್ಟು, ಕಾರ್ಡನ್ನು ತಲೆಕೆಳಗು ಮಾಡಿ ಕೊಟ್ಟೆ. ನೆಟ್ಟಗೆ ಬಂತು, ಆದರೆ ಸಾಲು ವಾಲಿತ್ತು. ಅಂಚಿಗೆ ರಟ್ಟಿನ ತುಂಡು ಅಂಟಿಸಿದೆ. ವಾಲುವುದು ನಿಂತಿತು, ಈಗ ಭಾವನ ಹೆಸರಿನ ಮೇಲೆ ಹತ್ತಿತು. ಯಾಕಾದರೂ ಈ ಕಸುಬಿಗೆ ಬಂದೆನೋ. ಬಿಟ್ಟುಬಿಡಲಾ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ 12

ಗಂಗಾ ಬಂದಳು. ತಿಂಡಿ ತಂದಿದ್ದಳು. ಕೆಟ್ಟ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು, ವಾಲಿದ್ದು, ಹರಿದದ್ದು, ಮಸಿ ಹತ್ತಿದ್ದು. ಎಲ್ಲದರಲ್ಲೂ ನನ್ನ ಹೆಸರು. ಕೈ ತೊಳೆದುಕೊಂಡು ಬಂದು ಪ್ರಿಂಟರಿನ ಆ ಕಡೆ ನಿಂತಳು. ಒಂದೊಂದೇ ಕೊಡು ಅಮ್ಮ, ನಾನು ಈ ಕಡೆ ಹಿಡೀತೀನಿ ಎಂದಳು.

ಅಳತೆ ಕೂತಿತು. ಪ್ರಿಂಟ್ ಒತ್ತುವ ಮುಂಚೆ ಸ್ಕ್ರೀನ್ ನೋಡಿದೆ. ಖಾಲಿ ಪುಟ, ನಡುವೆ ನನ್ನ ಸಾಲು ಒಂದೇ. ಹದಿನಾಲ್ಕು ಪಾಯಿಂಟ್. ಭಾವನಿಗೆ ಮಾತು ಕೊಟ್ಟದ್ದು ಹೌದು. ಕೊಟ್ಟ ಮಾತು ನಡೆಸಿಯೂ ಆಗಿತ್ತು, ಹದಿನಾಲ್ಕೇ ಕಳಿಸಿದ್ದೆ, ಅದನ್ನು ದೇವರ ಹೆಸರಿನಲ್ಲಿ ಬಿಡು ಅಂದವರು ಅವರು. ಇದು ಹೊಸ ಸಾಲು. ಇದಕ್ಕೆ ಯಾರ ಅಪ್ಪಣೆಯೂ ಆಗಿಲ್ಲ, ಅಳತೆಯೂ ಆಗಿಲ್ಲ.

ಹದಿನೆಂಟು ಇಟ್ಟೆ. ಬೋಲ್ಡ್.

"ಅಮ್ಮ, ದೊಡ್ಡಪ್ಪನದಕ್ಕಿಂತ ದೊಡ್ಡದಾಯ್ತು."

ಗೊತ್ತು ಎಂದೆ. ಅವಳು ಮುಂದಿನ ಕಾರ್ಡಿಗೆ ಕೈ ಚಾಚಿದಳು.

ಮಧ್ಯಾಹ್ನ 3

ಮುಕ್ಕಾಲು ಬಂಡಲು ಮುಗಿದಿತ್ತು. ಶಟರ್ ಬಡಿದ ಸದ್ದು. ಭಾವ, ಹೇಳಿದ ಹಾಗೇ. ಬಗ್ಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು, ಆಯ್ತಾ, ಕೊಡು ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಂಗಾ ಇನ್ನೂ ಬಿಸಿ ಇದ್ದ ಕಾರ್ಡೊಂದನ್ನು ಅವರ ಕೈಗೆ ಕೊಟ್ಟಳು. ಅಮ್ಮನ ಹೆಸರು ನಾನೇ ಹಾಕಿದ್ದು ದೊಡ್ಡಪ್ಪ ಎಂದಳು.

ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದಾರೆ. ನಾನು ಲೆಕ್ಕ ಬರೆಯುವವಳ ಹಾಗೆ ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ, ಅವರ ಮುಖ ನೋಡಬೇಕಾಗಿ ಬರದಿರಲಿ ಎಂದು. ಗಂಗಾ ನನ್ನ ಪಕ್ಕಕ್ಕೆ ಬಂದು ನಿಂತಳು.

ಕನ್ನಡಕ ಸಿಕ್ಕಿತು. ಕಾರ್ಡನ್ನು ದೂರ ಹಿಡಿದು, ಹತ್ತಿರ ತಂದು… ಓದುತ್ತಿದ್ದಾರೆ, ಗಟ್ಟಿಯಾಗಿ, ಬೆರಳಿಟ್ಟು, ಮೇಲಿನ ಸಾಲಿನಿಂದಲೇ. ಶ್ರೀಮತಿ ಶಶಿ—